ಅಪ್ಪಾಜಿ ಕೈ ನಡುಕ, ಯಾರಿಗೂ ಮಾತ್ರೆ ಆಗದ ಒಂದು ಬಿಳಿ ಪುಡಿ

ಅಪ್ಪಾಜಿ ಯಾವಾಗ್ಲೂ ಟೀನ ಬಸಿಗೆ ಸುರ್ಕೊಂಡೇ ಕುಡಿಯೋದು. 2014ರ ಮಳೆಗಾಲ ಮುಗಿಯೋ ಹೊತ್ತಿಗೆ ಆ ಬಸಿ ಬಾಯಿ ತನಕ ಹೋಗೋದ್ರೊಳಗೆ ಅರ್ಧ ಟೀ ಅಂಗಿ ಮೇಲೆ ಚೆಲ್ತಿತ್ತು, ಬೆರಳು ಸಣ್ಣಗೆ ಒಂದೇ ಸಮ ನಡುಗೋವು, ಅಮ್ಮ ನೋಡಿ ನೋಡಿ ಒಂದಿನ ಸ್ಟೀಲ್ ಲೋಟದಲ್ಲಿ ಅರ್ಧ ಮಾತ್ರ ಟೀ ಹಾಕಿ ಕೊಟ್ಲು, ಅಪ್ಪಾಜಿ ಏನೂ ಮಾತಾಡದೆ ಇಸ್ಕೊಂಡ್ರು. ಆ ಲೋಟ ಇಸ್ಕೊಂಡ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅವರದ್ದು ಹತ್ತಿ ಮಿಲ್ಲಿನ ಎದೆ. ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದ ಕಾಲದಲ್ಲಿ ಮಿಲ್ಲಿಗೆ ಸೇರಿದೋರು, ಮಿಲ್ಲು ಮುಚ್ಚಿದ ಮೇಲೆ ಮಂಡಕ್ಕಿ ಭಟ್ಟಿಯಲ್ಲಿ ಲೆಕ್ಕ ಬರೆಯೋಕೆ ಹೋದ್ರು, ಅಲ್ಲಿ ಹತ್ತಿ ಧೂಳು ಇಲ್ಲಿ ಭಟ್ಟಿ ಹೊಗೆ, ದಮ್ಮು ಬರದೆ ಇನ್ನೇನು ಬರುತ್ತೆ. ದಮ್ಮಿಗೆ ಸಾಲ್ಬುಟಮಾಲ್ ಮಾತ್ರೆ, 4 ಮಿಲಿಗ್ರಾಂದು, ದಿನಕ್ಕೆ ಮೂರು. ಇನ್ಹೇಲರ್ ತಗೊಳ್ಳಿ ಅಂದ್ರೆ ಕೇಳ್ತಿರ್ಲಿಲ್ಲ, "ಆ ಪಂಪು ಹಿಡಿದ್ರೆ ಚಟ ಆಗ್ತೈತವ್ವ, ಸಾಯೋತನಕ ಬಿಡಲ್ಲ ಅದು" ಅನ್ನೋರು. ಉಸಿರು ಬಿಗಿ ಆದಾಗೆಲ್ಲ ಮೂರರ ಮೇಲೆ ಇನ್ನೊಂದು ಮತ್ತೊಂದು ಮಾತ್ರೆ ನುಂಗ್ತಿದ್ರು ಅನ್ನೋದು ನಮಗೆ ಆಮೇಲೆ ಗೊತ್ತಾಗಿದ್ದು.

ಕೈ ನಡುಕಕ್ಕೆ ಅಂತ ಅಪ್ಪಾಜಿ ಒಬ್ರೇ ಒಂದು ಕ್ಲಿನಿಕ್ಕಿಗೆ ಹೋಗಿದ್ದಾರೆ. ಅಲ್ಲಿ ಡಾಕ್ಟ್ರು ಕೈ ಚಾಚಿಸಿ ನೋಡಿ ಪ್ರೊಪ್ರನೊಲಾಲ್ 40 ಮಿಲಿಗ್ರಾಂ ಬೆಳಿಗ್ಗೆ ಒಂದು ರಾತ್ರಿ ಒಂದು ಅಂತ ಬರ್ಕೊಟ್ಟಿದ್ದಾರೆ. ದಮ್ಮು ಇದೆಯಾ ಅಂತ ಅವರು ಕೇಳಿಲ್ಲ, ಇವರು ಹೇಳಿಲ್ಲ, ಕೈ ತೋರಿಸೋಕೆ ಹೋದೋರು ಎದೆ ವಿಷಯ ಯಾಕೆ ಹೇಳ್ತಾರೆ. ಎರಡನೇ ದಿನ ರಾತ್ರಿ ಒಂದೂವರೆ ಹೊತ್ತಿಗೆ ಅಮ್ಮ ನನ್ನ ಎಬ್ಬಿಸಿದ್ಲು. ಅಪ್ಪಾಜಿ ಮಂಚದ ಅಂಚಲ್ಲಿ ಎರಡೂ ಕೈ ಊರಿ ಕೂತಿದ್ರು, ಕತ್ತಿನ ನರ ಎಲ್ಲ ಎದ್ದು ನಿಂತಿದ್ವು, ಸಿಳ್ಳೆ ಹೊಡೆದಂಗೆ ಉಸಿರು. ಪಕ್ಕದ ಮನೆಯವರ ಆಟೋದಲ್ಲಿ ಆಸ್ಪತ್ರೆಗೆ ಹೋದ್ವಿ. ನೆಬ್ಯುಲೈಸರ್‌ನಲ್ಲಿ ಸಾಲ್ಬುಟಮಾಲ್ ಹಾಕಿದ್ರು, ಯಾವಾಗ್ಲೂ ಹತ್ತು ನಿಮಿಷಕ್ಕೆ ಸಡಿಲ ಆಗೋ ಎದೆ ಅವತ್ತು ಜಗ್ಗಲೇ ಇಲ್ಲ. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನೋರು, ಮನೇಲಿ ತಗೊಳ್ಳೋ ಮಾತ್ರೆ ಎಲ್ಲ ತೋರ್ಸಿ ಅಂದ್ರು, ಅಮ್ಮನ ಚೀಲದಿಂದ ಶೀಟು ಹೊರಗೆ ಬಂತು, ಅದನ್ನ ನೋಡಿದ ತಕ್ಷಣ ಅವರು ನರ್ಸ್ ಕಡೆ ತಿರುಗಿ ಇಪ್ರಟ್ರೋಪಿಯಂ ಸೇರಿಸಿ ಅಂದ್ರು. ಅದು ಬೇರೆ ದಾರಿಯಿಂದ ಎದೆ ಸಡಿಲ ಮಾಡೋ ಔಷಧಿ. ಆಮ್ಲಜನಕ, ಸ್ಟೀರಾಯ್ಡ್ ಇಂಜೆಕ್ಷನ್ ಎಲ್ಲ ಆಗಿ ಬೆಳಗಿನ ಐದರ ಹೊತ್ತಿಗೆ ಅಪ್ಪಾಜಿ ಒಂದು ಪೂರ್ತಿ ವಾಕ್ಯ ಮಾತಾಡಿದ್ರು.

ನಾನಾಗ ಬಿ.ಫಾರ್ಮ ಕೊನೇ ವರ್ಷ. ಪ್ರೊಪ್ರನೊಲಾಲ್ ಅಸ್ತಮಾ ಇದ್ದೋರಿಗೆ ಕೊಡಬಾರದು ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಆ ಶೀಟು ಎರಡು ದಿನದಿಂದ ಟಿವಿ ಪಕ್ಕದ ಡಬ್ಬಿಯಲ್ಲೇ ಇತ್ತು, ನಾನು ಓದ್ಲಿಲ್ಲ. ಇದನ್ನ ಇಲ್ಲಿ ಬರೀತಿರೋದು ಯಾರನ್ನೂ ಬೈಯೋಕಲ್ಲ. ಆ ರಾತ್ರಿಯಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತ್ಕೊಂಡಿತು, ಅದೇ ನನ್ನನ್ನ ಎಂ.ಫಾರ್ಮಗೆ ಕರ್ಕೊಂಡು ಹೋಗಿದ್ದು. ಅಪ್ಪಾಜಿ ಎದೆಯೊಳಗೆ ಅವತ್ತು ಸರಿಯಾಗಿ ಏನು ಮುಚ್ಕೊಂತು? ಪುಸ್ತಕದ ಉತ್ತರ ಅಲ್ಲ, ಕಣ್ಣಿಗೆ ಕಾಣೋ ಉತ್ತರ ಬೇಕಿತ್ತು.

ಸ್ವಲ್ಪ ಹಿಂದಿನ ಕಥೆ ಹೇಳ್ತೀನಿ. ಅಡ್ರಿನಲಿನ್ ಮೈಯಲ್ಲಿ ಒಂದು ಕಡೆ ರಕ್ತನಾಳ ಬಿಗಿ ಮಾಡುತ್ತೆ, ಇನ್ನೊಂದು ಕಡೆ ಶ್ವಾಸನಾಳ ಸಡಿಲ ಮಾಡುತ್ತೆ, ಗುಂಡಿಗೆ ಜೋರು ಮಾಡುತ್ತೆ, ಒಂದೇ ವಸ್ತು ಇಷ್ಟು ಥರ ಹೇಗೆ ನಡ್ಕೊಳ್ಳುತ್ತೆ ಅಂದ್ರೆ ಅದನ್ನ ಹಿಡಿಯೋ ರಿಸೆಪ್ಟರ್‌ಗಳೇ ಬೇರೆ ಬೇರೆ ಅಂತ 1948ರಲ್ಲಿ ರೇಮಂಡ್ ಆಲ್‌ಕ್ವಿಸ್ಟ್ ಹೇಳಿದ್ರು, ಆಲ್ಫಾ ಮತ್ತೆ ಬೀಟಾ ಅಂತ ಹೆಸರಿಟ್ರು. ಅದನ್ನ ತುಂಬಾ ಜನ ಕಿವಿಗೆ ಹಾಕ್ಕೊಳ್ಳಲಿಲ್ಲ. ಹಾಕ್ಕೊಂಡೋರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಅವರ ತಂದೆ ಹೃದಯಾಘಾತದಲ್ಲಿ ತೀರ್ಕೊಂಡಿದ್ರು. ಗುಂಡಿಗೆಗೆ ಜಾಸ್ತಿ ರಕ್ತ ಕೊಡೋದಕ್ಕಿಂತ ಗುಂಡಿಗೆಯ ದುಡಿತವನ್ನೇ ಕಡಿಮೆ ಮಾಡಿದ್ರೆ ಹೇಗೆ ಅನ್ನೋದು ಅವರ ಯೋಚನೆ. ಐಸಿಐ ಕಂಪನಿಯಲ್ಲಿ ಕೆಲಸ ಮಾಡಿ ಮೊದಲು ಪ್ರೊನೆಥಲಾಲ್ ತಂದ್ರು, ಅದು ಇಲಿಗಳಲ್ಲಿ ಗಡ್ಡೆ ಮಾಡ್ತು ಅಂತ ಬಿಟ್ರು, ಆಮೇಲೆ 1964ರಲ್ಲಿ ಪ್ರೊಪ್ರನೊಲಾಲ್. ಎಷ್ಟು ಕೋಟಿ ಜನ ಇದರಿಂದ ಬದುಕಿದ್ದಾರೋ. 1988ರಲ್ಲಿ ಬ್ಲ್ಯಾಕ್ ಅವರಿಗೆ ನೊಬೆಲ್ ಬಂತು. ಪ್ರೊಪ್ರನೊಲಾಲ್ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೇ ಔಷಧಿ ಅದು.

1967ರಲ್ಲಿ ಲ್ಯಾಂಡ್ಸ್ ಮತ್ತೆ ಅವರ ಜೊತೆಯವರು ಬೀಟಾದಲ್ಲೂ ಎರಡು ಜಾತಿ ಇವೆ ಅಂತ ತೋರಿಸಿದ್ರು. ಗುಂಡಿಗೆಯಲ್ಲಿ ಹೆಚ್ಚು ಇರೋದು ಬೀಟಾ-1, ಶ್ವಾಸನಾಳದಲ್ಲಿ ಬೀಟಾ-2. ಪ್ರೊಪ್ರನೊಲಾಲ್‌ಗೆ ಇವೆರಡರ ಭೇದ ಇಲ್ಲ, ಎರಡನ್ನೂ ಮುಚ್ಚುತ್ತೆ. ಅಪ್ಪಾಜಿಗೆ ಬೇಕಿದ್ದ ಸಾಲ್ಬುಟಮಾಲ್, 1969ರಲ್ಲಿ ಮಾರ್ಕೆಟ್ಟಿಗೆ ಬಂದಿದ್ದು, ಕೂರೋದು ಬೀಟಾ-2 ಮೇಲೆ.

ನನ್ನ ವಿದ್ಯಾರ್ಥಿಗಳಿಗೆ ಇದನ್ನ ಬಸ್ಸಿನ ಸೀಟು ಅಂತ ಹೇಳ್ತೀನಿ. ದಾವಣಗೆರೆ ಬಸ್‌ಸ್ಟ್ಯಾಂಡಲ್ಲಿ ಬಸ್ಸು ನಿಲ್ಲೋಕೆ ಮುಂಚೆನೇ ಕಿಟಕಿಯಿಂದ ಟವಲ್ ಎಸೀತಾರಲ್ಲ, ಟವಲ್ ಕೂತಿರುತ್ತೆ, ಆದ್ರೆ ಟವಲ್ ಟಿಕೆಟ್ ತಗೊಳ್ಳಲ್ಲ, ಇಳಿಯೋ ಊರೂ ಇಲ್ಲ ಅದಕ್ಕೆ, ಸುಮ್ನೆ ಸೀಟು ಹಿಡ್ಕೊಂಡಿರುತ್ತೆ. ಬ್ಲಾಕರ್ ಅಂದ್ರೆ ಅಷ್ಟೇ. ಸಾಲ್ಬುಟಮಾಲ್ ಬಂದು ಕೂತ್ರೆ ಜೀವಕೋಶದ ಒಳಗೆ ಸುದ್ದಿ ಸಾಗಿಸೋ ಸೈಕ್ಲಿಕ್ ಎಎಂಪಿ ಅನ್ನೋ ಅಣು ಏರುತ್ತೆ, ಸ್ನಾಯು ಸಡಿಲ ಆಗುತ್ತೆ, ಉಸಿರು ಬಿಚ್ಕೊಳ್ಳುತ್ತೆ. ಟವಲ್ ಇದ್ರೆ ಇದ್ಯಾವುದೂ ಇಲ್ಲ. ಆದ್ರೆ ಬಸ್ಸಿಗೆ ಜನ ನುಗ್ಗಿದ್ರೆ ಏನಾಗುತ್ತೆ, ಯಾರೋ ಒಬ್ರು ಟವಲ್ ತೆಗೆದು ಪಕ್ಕಕ್ಕೆ ಹಾಕಿ ಕೂತೇ ಬಿಡ್ತಾರೆ. ಸಾಲ್ಬುಟಮಾಲ್ ತುಂಬಾ ಜಾಸ್ತಿ ಹಾಕಿದ್ರೆ ಬ್ಲಾಕರ್‌ನ ದಾಟಿ ಕೆಲಸ ಆಗುತ್ತೆ, ಎಷ್ಟು ಜಾಸ್ತಿ ಬೇಕಾಗುತ್ತೆ ಅನ್ನೋದರಿಂದಲೇ ಆ ಬ್ಲಾಕರ್ ಎಷ್ಟು ಗಟ್ಟಿ ಹಿಡಿಯುತ್ತೆ ಅಂತ ಅಳೀತೀವಿ.

ಈಗ ನನ್ನ ಪ್ರಶ್ನೆ. ಪ್ರೊಪ್ರನೊಲಾಲ್ ಎರಡೂ ಥರದ ಸೀಟಿಗೆ ಟವಲ್ ಹಾಕುತ್ತೆ. ಹಾಗಾದ್ರೆ ಶ್ವಾಸನಾಳ ಬಿಗಿ ಆಗಿದ್ದು ಬೀಟಾ-2 ಮುಚ್ಚಿದ್ದಕ್ಕೇ ಅಂತ ಹೇಗೆ ಸಾಬೀತು ಮಾಡೋದು? ಬೀಟಾ-2ಕ್ಕೆ ಮಾತ್ರ ಬೀಳೋ ಟವಲ್ ಬೇಕು. ನಮ್ಮ ಗೈಡ್ ಸರ್ ಕೂತು ಎಲ್ಲ ಕೇಳ್ಕೊಂಡು ಒಂದು ಚೀಟಿ ಮೇಲೆ ಬರೆದು ಕೊಟ್ರು, ಐಸಿಐ 118,551.

ಅದಕ್ಕೆ ಹೆಸರೇ ಇಲ್ಲ, ಬರೀ ನಂಬರು. ಐಸಿಐನಲ್ಲಿ ತಯಾರಾದ ಪ್ರತಿ ಸಂಯುಕ್ತಕ್ಕೂ ಒಂದು ನಂಬರ್ ಬೀಳ್ತಿತ್ತು, ಪ್ರೊಪ್ರನೊಲಾಲ್ 45,520 ಆಗಿತ್ತು, ಪ್ರಾಕ್ಟೊಲಾಲ್ 50,172, ಅಟೆನೊಲಾಲ್ 66,082. ಆ ಮೂರೂ ನಂಬರ್ ಬಿಟ್ಟು ಹೆಸರು ತಗೊಂಡು ಅಂಗಡಿಗೆ ಬಂದ್ವು. ಪ್ರಾಕ್ಟೊಲಾಲ್ ಗುಂಡಿಗೆಯನ್ನೇ ಹೆಚ್ಚು ನೋಡ್ಕೊಳ್ಳೋದು, ದಮ್ಮಿನವರಿಗೂ ಪರವಾಗಿಲ್ಲ ಅಂತ ಬಂತು, ಆದ್ರೆ ಕಣ್ಣು ಚರ್ಮ ಹೊಟ್ಟೆಯೊಳಗಿನ ಪೊರೆ ಹಾಳು ಮಾಡಿ 1975ರಲ್ಲಿ ಮಾತ್ರೆ ವಾಪಸ್ ಹೋಯ್ತು. ಅಟೆನೊಲಾಲ್ ಉಳ್ಕೊಂತು, ಇವತ್ತು ನಮ್ಮ ಯಾವ ಮೆಡಿಕಲ್ ಶಾಪಲ್ಲಾದ್ರೂ ಸಿಗುತ್ತೆ. 118,551 ಮಾತ್ರ ನಂಬರಾಗೇ ಉಳೀತು. 1983ರಲ್ಲಿ ಬಿಲ್ಸ್‌ಕಿ ಮತ್ತೆ ಜೊತೆಯವರು ಅದರ ಗುಣ ಬರೆದು ಪ್ರಕಟಿಸಿದ್ರು. ಗುಂಡಿಗೆ ಡಾಕ್ಟ್ರಿಗೆ ಬೇಕಾಗಿರೋದು ಬೀಟಾ-1 ಮುಚ್ಚೋದು, ಬೀಟಾ-2 ತೆರೆದಿರಬೇಕು. ಇದು ಉಲ್ಟಾ, ಬೀಟಾ-2 ಮುಚ್ಚಿ ಬೀಟಾ-1 ಬಿಟ್ಟುಬಿಡುತ್ತೆ. ಆ ಗುಣ ಇಟ್ಕೊಂಡು ಗುಂಡಿಗೆಗೆ ಯಾವ ರೋಗಿಗೆ ಕೊಡ್ತೀರಿ. ಲ್ಯಾಬಿನ ಟೇಬಲ್ ಮೇಲೆ ಮಾತ್ರ ಅದಕ್ಕೆ ಬೆಲೆ, ಅಲ್ಲಿ ಮಾತ್ರ ಬಂಗಾರದ ಬೆಲೆ.

ನಿಜವಾಗ್ಲೂ ಬಂಗಾರದ ಬೆಲೆನೇ. 10 ಮಿಲಿಗ್ರಾಂ ತರಿಸೋಕೆ, ಎಂ.ಫಾರ್ಮ ಪ್ರವೇಶ ಪರೀಕ್ಷೆ ಜಿಪ್ಯಾಟ್ ಬರೆದು ನನಗೆ ಬರ್ತಿದ್ದ ತಿಂಗಳ ಸ್ಟೈಪೆಂಡ್ 12,400 ಸಾಲಲಿಲ್ಲ, ಗೈಡ್ ಸರ್ ತಮ್ಮ ಕೈಯಿಂದ ಸೇರಿಸಿದ್ರು. ಹೊರದೇಶದಿಂದ ಬರೋಕೆ ಏಳು ವಾರ ಆಯ್ತು. ಪುಟಾಣಿ ಗಾಜಿನ ಶೀಶೆ, ಒಳಗೆ ತಳದಲ್ಲಿ ರಂಗೋಲಿ ಪುಡಿ ಒಂದು ಚಿಟಿಕೆ ಉದುರಿಸಿದ ಹಾಗೆ ಬಿಳಿ ಪುಡಿ, ಲೇಬಲ್ ಮೇಲೆ ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಅಂತ ಇತ್ತು. ಶೀಶೆ ಮುಚ್ಚಳ ತೆಗೆಯೋ ಮುಂಚೆ ಫ್ಯಾನ್ ಆಫ್ ಮಾಡಿಸಿದೆ, ಕಿಟಕಿ ಹಾಕಿಸಿದೆ, ಉಸಿರು ಬಿಟ್ರೆ ಹಾರಿ ಹೋಗುತ್ತೇನೋ ಅನ್ನೋ ಭಯ. ಅಣುತೂಕ ಹೈಡ್ರೋಕ್ಲೋರೈಡ್ ಸೇರಿ 313.86, ಹಂಗಾಗಿ 3.14 ಮಿಲಿಗ್ರಾಂ ತೂಗಿ 10 ಮಿಲಿ ನೀರಲ್ಲಿ ಕರಗಿಸಿದ್ರೆ 1 ಮಿಲಿಮೋಲಾರ್ ಸಾಂದ್ರತೆ ಆಗುತ್ತೆ, ಅದನ್ನ ನೂರು ಪಟ್ಟು ತೆಳು ಮಾಡಿ, ಆ ತೆಳು ಮಾಡಿದ್ದರಲ್ಲಿ 20 ಮೈಕ್ರೋಲೀಟರ್ ತಗೊಂಡು ಶ್ವಾಸನಾಳದ ತುಂಡು ಇಳಿಬಿಡೋ 20 ಮಿಲಿ ಬಾತ್‌ಗೆ ಬಿಟ್ರೆ 10 ನ್ಯಾನೋಮೋಲಾರ್. ಈ ಲೆಕ್ಕನ ಮೂರು ಸಲ ಮಾಡಿದ್ದೆ, ನಾಲ್ಕನೇ ಸಲ ಅಪ್ಪಾಜಿ ಕೈಲಿ ಮಾಡಿಸಿದೆ, ಭಟ್ಟಿ ಲೆಕ್ಕ ಬರೆದ ಕೈ ಅದು, ಸರಿಯಾಗೈತೆ ಅಂದ್ರು.

ಶ್ವಾಸನಾಳ ಎಲ್ಲಿಂದ? ಪುಸ್ತಕದಲ್ಲಿ ಗಿನಿಪಿಗ್ ಅಂತ ಇರುತ್ತೆ. ಪ್ರಾಣಿ ಬಳಸೋಕೆ ಈಗ ಸಮಿತಿ ಒಪ್ಪಿಗೆ ಬೇಕು, ಬೇಕಾಗಿದ್ದು ಒಳ್ಳೆಯದೇ, ಅದಕ್ಕೆ ಹೇಗಿದ್ರೂ ಮಾಂಸಕ್ಕೆ ಕಡಿಯೋ ಆಡಿನ ಗಂಟಲ ಕೊಳವೆ ತಗೊಳ್ಳೋಣ ಅಂತ ಸರ್ ಅಂದ್ರು. ನಮ್ಮದು ಮೊಟ್ಟೆನೂ ಒಳಗೆ ಬರದ ಮನೆ. ಬೆಳಿಗ್ಗೆ ಐದೂವರೆಗೆ ಸ್ಕೂಟಿ ಮೇಲೆ ಹಳೇ ದಾವಣಗೆರೆ ಕಡೆ ಮಟನ್ ಅಂಗಡಿಗೆ ಹೋಗ್ತಿದ್ದೆ, ಅಗಲ ಬಾಯಿನ ಥರ್ಮಾಸ್‌ನಲ್ಲಿ ಅಂಗಾಂಶ ಜೀವಂತ ಇಡೋ ಉಪ್ಪುನೀರು, ತಣ್ಣಗಿನ ಕ್ರೆಬ್ಸ್ ದ್ರಾವಣ, ತುಂಬ್ಕೊಂಡು. ಮೊದಲ ದಿನ ಅಂಗಡಿ ಚಾಚಾ ನನ್ನ ಮುಖ, ಥರ್ಮಾಸ್ ಎರಡನ್ನೂ ನೋಡಿ "ಟೀ ತಂದೀಯೇನಮ್ಮ" ಅಂದ್ರು. ವಿಷಯ ಹೇಳಿದೆ, ನಮ್ಮ ತಂದೆಗೆ ದಮ್ಮು ಚಾಚಾ, ಅದರ ಔಷಧಿ ಹೆಂಗೆ ಕೆಲಸ ಮಾಡುತ್ತೆ ಅಂತ ಇದರ ಮೇಲೆ ನೋಡ್ತೀವಿ ಅಂದೆ. ಅವರು ಚಾಕು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ರು, ನಮ್ಮ ಮನೇಲೂ ಐತಮ್ಮ ಅದು ಅಂದ್ರು. ಅವತ್ತಿಂದ ಕೊಳವೆ ಜಜ್ಜದ ಹಾಗೆ, ಎಳೆಯದ ಹಾಗೆ, ಕೊಯ್ದ ತಕ್ಷಣ ತೆಗೆದು ನೇರ ಥರ್ಮಾಸ್‌ಗೇ ಹಾಕ್ತಿದ್ರು, ನಾಲ್ಕು ತಿಂಗಳು ಒಂದು ರೂಪಾಯಿ ಮುಟ್ಲಿಲ್ಲ.

ಲ್ಯಾಬಲ್ಲಿ ಕೆಲಸ ಹೀಗೆ. ಕ್ರೆಬ್ಸ್ ಮಾಡುವಾಗ ಕ್ಯಾಲ್ಸಿಯಂ ಕ್ಲೋರೈಡನ್ನ ಕೊನೆಗೆ ಹಾಕ್ಬೇಕು, ಆತುರ ಮಾಡಿ ಮೊದಲೇ ಹಾಕಿದ್ರೆ ದ್ರಾವಣ ಹಾಲು ಒಡೆದ ಹಾಗೆ ಬೆಳ್ಳಗಾಗುತ್ತೆ, ಚೆಲ್ಲೋದೇ. ಕೊಳವೆಯನ್ನ ಪೆಟ್ರಿ ಡಿಶ್‌ನಲ್ಲಿಟ್ಟು ಸುತ್ತಲಿನ ಕೊಬ್ಬು ಬಿಡಿಸಿ ಉಂಗುರ ಉಂಗುರ ಕತ್ತರಿಸ್ಬೇಕು. ಉಂಗುರದ ಹೆಚ್ಚು ಭಾಗ ಮೆದು ಎಲುಬು, ಹಿಂದುಗಡೆ ಒಂದು ಕಿರುಬೆರಳ ಉಗುರಿನಷ್ಟು ಅಗಲಕ್ಕೆ ಮಾತ್ರ ಸ್ನಾಯು, ತಿಳಿ ಗುಲಾಬಿ, ಮುಟ್ಟಿದ್ರೆ ಒದ್ದೆ ರೇಷ್ಮೆ ಹಾಗೆ. ದಮ್ಮು ಬಂದಾಗ ಶ್ವಾಸನಾಳದ ಕವಲುಗಳಲ್ಲಿ ಬಿಗಿಯೋದು ಇಂಥದ್ದೇ ಸ್ನಾಯು. ಇದನ್ನ ಮೊದಲ ಸಲ ಬೆರಳ ತುದಿಯಲ್ಲಿ ಹಿಡಿದಾಗ ನನಗೆ ಆ ಮಂಚದ ಅಂಚು ನೆನಪಾಗಿ ಸ್ವಲ್ಪ ಹೊತ್ತು ಸ್ಟೂಲ್ ಮೇಲೆ ಕೂತ್ಕೊಂಡೆ. ಎಲುಬಿನ ಕಡೆ ಕತ್ತರಿಸಿ ಉಂಗುರ ಬಿಡಿಸಿ, ಐದಾರು ತುಂಡನ್ನ ದಾರದಲ್ಲಿ ಒಂದಕ್ಕೊಂದು ಕಟ್ಟಿ ಸರ ಮಾಡಿದ್ರೆ ಸಣ್ಣ ಸಣ್ಣ ಎಳೆತ ಎಲ್ಲ ಕೂಡಿ ಕಣ್ಣಿಗೆ ಕಾಣೋಷ್ಟು ಆಗುತ್ತೆ. ಅದನ್ನ 37 ಡಿಗ್ರಿ ಬಾತ್‌ನಲ್ಲಿ ಇಳಿಬಿಟ್ಟು, ಗಾಳಿ ಗುಳ್ಳೆ ಬಿಟ್ಟು, ಹದಿನೈದು ನಿಮಿಷಕ್ಕೊಮ್ಮೆ ನೀರು ಬದಲಾಯಿಸ್ತಾ ಒಂದು ಗಂಟೆ ಸುಮ್ನೆ ಬಿಡ್ಬೇಕು, ಹಸುಗೂಸು ಮಲಗಿಸಿದ ಹಾಗೆ. ನಮ್ಮಲ್ಲಿದ್ದ ಕಂಪ್ಯೂಟರ್ ರೆಕಾರ್ಡರ್ ಕೆಟ್ಟಿತ್ತು, ಹಳೇ ಕೈಮೋಗ್ರಾಫ್ ಡ್ರಮ್ಮೇ ಗತಿ, ಕಾಗದಕ್ಕೆ ಮಸಿ ಹಿಡಿಸಿ ಸುತ್ತಿದ್ರೆ ಸೂಜಿ ಅದರ ಮೇಲೆ ಬಿಳಿ ಗೆರೆ ಕೊರೀತಾ ಹೋಗುತ್ತೆ.

ಸ್ನಾಯು ಬಿಗಿ ಮಾಡೋ ಕಾರ್ಬಕಾಲ್ ಬಿಟ್ಟೆ, ಸರ ಬಿಗೀತು, ಗೆರೆ ಮೇಲೇರಿ ನಿಂತ್ಕೊಂತು. ಸಾಲ್ಬುಟಮಾಲ್ ಒಂದೊಂದೇ ಡೋಸ್ ಏರಿಸ್ತಾ ಹೋದೆ, ಗೆರೆ ಮೆಟ್ಟಿಲು ಇಳಿದ ಹಾಗೆ ಕೆಳಗೆ ಕೆಳಗೆ ಬಂತು. ತೊಳೆದು, ಮತ್ತೆ ಕಾಯ್ದು, ಈ ಸಲ ಆ ಪುಡಿ, 10 ನ್ಯಾನೋಮೋಲಾರ್, ಮುಕ್ಕಾಲು ಗಂಟೆ ಬಿಟ್ಟೆ. ಮತ್ತೆ ಕಾರ್ಬಕಾಲ್, ಮತ್ತೆ ಅದೇ ಸಾಲ್ಬುಟಮಾಲ್. ಮೊದಲ ಡೋಸಿಗೆ ಸೂಜಿ ಅಲ್ಲಾಡ್ಲಿಲ್ಲ. ಎರಡನೇದಕ್ಕೂ ಇಲ್ಲ. ಆ ರಾತ್ರಿ ನೆಬ್ಯುಲೈಸರ್ ಹಾಕಿದಾಗ ಅಪ್ಪಾಜಿ ಎದೆ ಜಗ್ಗದೆ ಇದ್ದಿದ್ದು ಹೀಗೇನೇ. ನಾಲ್ಕು ಅಡಿ ದೂರದಲ್ಲಿ ಮಸಿ ಕಾಗದದ ಮೇಲೆ ಅದೇ ಆ ಸಪಾಟು ಗೆರೆ ನೋಡ್ತಾ ನಿಂತಿದ್ದೆ. ಡೋಸ್ ಏರಿಸ್ತಾ ಹೋದ ಮೇಲೆ ಎಲ್ಲೋ ಒಂದು ಕಡೆ ಗೆರೆ ಇಳಿಯೋಕೆ ಶುರು ಮಾಡ್ತು, ಟವಲ್ ತೆಗೆದು ಕೂರೋಷ್ಟು ಜನ ಬಂದ್ರು. ಗ್ರಾಫ್ ಹಾಕಿದ್ರೆ ಮೊದಲಿನ ವಕ್ರರೇಖೆನೇ ಆಕಾರ ಕೆಡದೆ ಬಲಕ್ಕೆ ಸರಿದು ಕೂತಿತ್ತು. ಇದಕ್ಕೆ ಲೆಕ್ಕ ಇದೆ, 1959ರಲ್ಲಿ ಅರುಣಲಕ್ಷಣ ಮತ್ತೆ ಶಿಲ್ಡ್ ಹಾಕಿಕೊಟ್ಟ ದಾರಿ, ಎಷ್ಟು ಪಟ್ಟು ಸರೀತು ಅಂತ ಬೇರೆ ಬೇರೆ ಬ್ಲಾಕರ್ ಡೋಸಿಗೆ ನೋಡಿ ಒಂದು ಗೆರೆ ಎಳೆದ್ರೆ ಬ್ಲಾಕರ್ ಹಿಡಿತದ ಅಳತೆ ಸಿಗುತ್ತೆ. 118,551ರ ಹಿಡಿತ ಬೀಟಾ-2 ಮೇಲೆ 1.2 ನ್ಯಾನೋಮೋಲಾರ್ ಅಂತ ಕ್ಯಾಟಲಾಗ್ ಹೇಳುತ್ತೆ, ಆ ಲೆಕ್ಕದಲ್ಲಿ 10 ಹಾಕಿದ್ರೆ ಸಾಲ್ಬುಟಮಾಲ್ ಸುಮಾರು 9 ಪಟ್ಟು ಜಾಸ್ತಿ ಬೇಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು, ಪಾಠ ಮಾಡೋಳಾಗಿ ನನಗೆ ಇದು ಹೊಟ್ಟೆ ಉರಿಸೋ ವಿಷಯ. ಸೆಲೆಕ್ಟಿವ್, ಅಂದ್ರೆ ಒಂದನ್ನೇ ಆಯ್ದು ಹಿಡಿಯೋದು, ಪುಡಿಯ ಗುಣ ಒಂದೇ ಅಲ್ಲ, ನೀವು ಎಷ್ಟು ಹಾಕ್ತೀರಿ ಅನ್ನೋದರ ಗುಣ. ಹಿಡಿತದ ಅಳತೆ ಬೀಟಾ-2 ಮೇಲೆ 1.2, ಬೀಟಾ-1 ಮೇಲೆ 120, ಅಂಕಿ ಚಿಕ್ಕದಿದ್ದಷ್ಟೂ ಹಿಡಿತ ಗಟ್ಟಿ. ಅಂದ್ರೆ 10 ನ್ಯಾನೋಮೋಲಾರ್ ಹಾಕಿದ್ರೆ ಬೀಟಾ-2 ಸೀಟು ನೂರಕ್ಕೆ 89 ತುಂಬುತ್ತೆ, ಬೀಟಾ-1 ಬರೀ 8ರ ಹತ್ತಿರ. 100 ಹಾಕಿ ನೋಡಿ, ಬೀಟಾ-2 ಹೇಗಿದ್ರೂ 99, ಆದ್ರೆ ಬೀಟಾ-1 ಆಗ್ಲೇ 45ಕ್ಕೆ ಬಂತು. 10 ಮೈಕ್ರೋಮೋಲಾರ್ ಹಾಕಿದ್ರೆ ಎರಡೂ ಪೂರ್ತಿ ಮುಚ್ಚಿ ಹೋಗುತ್ತೆ, ಆಗ ನಿಮ್ಮ ಕೈಯಲ್ಲಿರೋದು ದುಬಾರಿ ಪ್ರೊಪ್ರನೊಲಾಲ್ ಅಷ್ಟೇ. ಆದ್ರೂ 10 ಮೈಕ್ರೋಮೋಲಾರ್ ಸುರಿದು ಇದು ಬೀಟಾ-2 ಕೆಲಸ ಅಂತ ಬರೆದಿರೋ ಪ್ರಬಂಧ ನನ್ನ ಕೈಗೆ ಬಂದಿದೆ, ನಾನು ವಾಪಸ್ ಕಳಿಸಿದ್ದೀನಿ. ಸರಿಯಾಗಿ ಮಾಡೋರು ಇದರ ಜೋಡಿಗೆ ಬೀಟಾ-1 ಮಾತ್ರ ಹಿಡಿಯೋ ಸಿಜಿಪಿ 20712ಎ ಅನ್ನೋದನ್ನೂ ಇಟ್ಕೊಂಡು ಎರಡೂ ಕಡೆಯಿಂದ ತಾಳೆ ನೋಡ್ತಾರೆ. ಅಟೆನೊಲಾಲ್ ಗುಂಡಿಗೆಯದ್ದು ಮಾತ್ರ, ದಮ್ಮಿನವರು ಎಷ್ಟು ಬೇಕಾದ್ರೂ ತಗೊಳ್ಳಿ ಅನ್ನೋದೂ ಇದೇ ತಪ್ಪು, ಡೋಸ್ ಏರಿದ್ರೆ ಅದೂ ಬೀಟಾ-2 ಮುಟ್ಟುತ್ತೆ.

ಈ ಹೆಸರಿಲ್ಲದ ಪುಡಿ ಬೇರೆ ಕಡೆನೂ ದುಡಿದಿದೆ. ಗುಂಡಿಗೆಯಲ್ಲಿ ಬೀಟಾ-1 ಮಾತ್ರ ಇದೆ ಅನ್ಕೊಂಡಿದ್ದ ಕಾಲ ಇತ್ತು, ಇಂಥ ಆಯ್ದು ಹಿಡಿಯೋ ಸಂಯುಕ್ತಗಳು ಸಿಕ್ಕ ಮೇಲೇ ಬೀಟಾ-2ನೂ ಐದರಲ್ಲಿ ಒಂದು ಪಾಲು ಹತ್ತಿರ ಇದೆ, ಗುಂಡಿಗೆ ಸೋತಾಗ ಬೀಟಾ-1 ಕಡಿಮೆ ಆಗಿ ಬೀಟಾ-2 ಪಾಲು ದೊಡ್ಡದಾಗುತ್ತೆ ಅನ್ನೋದೆಲ್ಲ ಅಳತೆಗೆ ಸಿಕ್ಕಿದ್ದು. 1995ರಲ್ಲಿ ರಿಚರ್ಡ್ ಬಾಂಡ್ ಮತ್ತೆ ಜೊತೆಯವರು ಗುಂಡಿಗೆ ತುಂಬಾ ಬೀಟಾ-2 ಇರೋ ಹಾಗೆ ಬೆಳೆಸಿದ ಇಲಿಗಳ ಮೇಲೆ ಇದನ್ನ ಹಾಕಿದ್ರು. ಆ ಗುಂಡಿಗೆ ಯಾವ ಅಡ್ರಿನಲಿನ್ ಇಲ್ಲದೇನೂ ಜೋರಾಗಿ ಬಡೀತಿತ್ತು, ಅಂದ್ರೆ ರಿಸೆಪ್ಟರ್ ಖಾಲಿ ಕೂತಾಗಲೂ ತನ್ನಷ್ಟಕ್ಕೆ ಸ್ವಲ್ಪ ಕೆಲಸ ಮಾಡ್ತಾನೇ ಇರುತ್ತೆ, 118,551 ಹಾಕಿದ್ರೆ ಆ ಬಡಿತವೂ ಇಳೀತು. ನನ್ನ ಟವಲ್ ಉದಾಹರಣೆ ಇಲ್ಲಿಗೆ ಸಾಕಾಗಲ್ಲ, ಇದು ಸೀಟು ಹಿಡಿಯೋದಷ್ಟೇ ಅಲ್ಲ, ಸೀಟನ್ನೇ ಮಡಚಿ ಇಡುತ್ತೆ. 2010ರಲ್ಲಿ ಬೀಟಾ-2 ರಿಸೆಪ್ಟರ್ ಒಳಗೆ ಈ ಅಣು ಕೂತಿರೋ ಹಾಗೇ ಹರಳು ಮಾಡಿ ಎಕ್ಸ್‌ರೇ ಹಾಯಿಸಿ ಚಿತ್ರ ತೆಗೆದ್ರು. ಅದಕ್ಕೆ ದಾರಿ ಮಾಡಿದ ಕೆಲಸಕ್ಕೆ ಲೆಫ್ಕೋವಿಟ್ಸ್ ಮತ್ತೆ ಕೊಬಿಲ್ಕಾ ಅವರಿಗೆ 2012ರಲ್ಲಿ ನೊಬೆಲ್ ಬಂತು. ಆ ಚಿತ್ರದ ಪ್ರಿಂಟು ನನ್ನ ಟೇಬಲ್ ಗಾಜಿನ ಕೆಳಗಿದೆ.

ಆದ್ರೆ ನನಗೆ ಎಲ್ಲಕ್ಕಿಂತ ದೊಡ್ಡ ಉತ್ತರ ಸಿಕ್ಕಿದ್ದು ಥೀಸಿಸ್ ಬರೆಯುವಾಗ, ಹಳೇ ಪೇಪರ್‌ಗಳನ್ನ ಓದ್ತಾ ಓದ್ತಾ. ಈ 118,551ನ ಕೈ ನಡುಕ ಇರೋರಿಗೆ 1980ರ ದಶಕದಲ್ಲಿ ಕೊಟ್ಟು ನೋಡಿದ್ದಾರೆ, ಯಾಕಂದ್ರೆ ಪ್ರೊಪ್ರನೊಲಾಲ್ ನಡುಕ ತಗ್ಗಿಸೋದು ಕೈಕಾಲಿನ ಸ್ನಾಯುವಿನ ಬೀಟಾ-2 ಮುಚ್ಚಿ ಅನ್ನೋ ಅನುಮಾನ. ಸಾಲ್ಬುಟಮಾಲ್ ತಗೊಂಡೋರ ಕೈ ನಡುಗೋದೂ ಅದೇ ಬೀಟಾ-2 ಕೆರಳಿ. ನಾನು ಲೈಬ್ರರಿಯಲ್ಲಿ ಕೂತಿದ್ದೆ, ಆ ಸಾಲು ಎರಡು ಸಲ ಓದಿದೆ. ಅಪ್ಪಾಜಿ ಕೈ ನಡುಗಿದ್ದು ವಯಸ್ಸಿಗಲ್ಲ, ನರದ ಕಾಯಿಲೆಗಲ್ಲ. ಮೂರು ಹೋಗಿ ಆರು ಏಳು ನುಂಗ್ತಿದ್ದ ಸಾಲ್ಬುಟಮಾಲ್ ಮಾತ್ರೆಗೆ. ಎದೆ ಬಿಚ್ಚೋಕೆ ನುಂಗಿದ್ದು ಕೈಯಲ್ಲಿ ಅದೇ ಸೀಟಲ್ಲಿ ಕೂತು ನಡುಗಿಸ್ತು, ಕೈ ನಿಲ್ಲಿಸೋಕೆ ಕೊಟ್ಟಿದ್ದು ಎದೆಯಲ್ಲಿ ಅದೇ ಸೀಟು ಮುಚ್ಚಿ ಉಸಿರು ನಿಲ್ಲಿಸ್ತು. ಒಂದೇ ರಿಸೆಪ್ಟರ್, ಎರಡು ಜಾಗ. ನಡುಕಕ್ಕೆ ಮದ್ದೇ ಬೇಕಿರ್ಲಿಲ್ಲ, ಮಾತ್ರೆ ಎಷ್ಟು ತಗೊಳ್ತೀರಿ ಅಂತ ಯಾರಾದ್ರೂ ಒಬ್ರು ಕೇಳಿದ್ರೆ ಸಾಕಿತ್ತು, ಮನೇಲಿದ್ದ ನಾನಾದ್ರೂ.

ಅವತ್ತು ಸಂಜೆ ಮನೆಗೆ ಹೋಗಿ ಅಪ್ಪಾಜಿ ಮುಂದೆ ಕೂತು ಇದನ್ನೆಲ್ಲ ಹೇಳಿದೆ. ಇನ್ಹೇಲರ್ ಅಂದ್ರೆ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರ ಎದೆಗೆ ಹೋಗುತ್ತೆ, ಮಾತ್ರೆ ಮಿಲಿಗ್ರಾಂ ಲೆಕ್ಕದಲ್ಲಿ ಮೈಯೆಲ್ಲ ಸುತ್ತುತ್ತೆ, ಚಟ ಅಲ್ಲ ಅಪ್ಪಾಜಿ ಕಡಿಮೆ ಔಷಧಿ ಅದು ಅಂದೆ. ಪೂರ್ತಿ ಕೇಳ್ಕೊಂಡು, "ಲೆಕ್ಕ ಹೇಳಿದ್ಮ್ಯಾಲೆ ಆಯ್ತು ಬಿಡವ್ವ" ಅಂದ್ರು. ಮಾರನೇ ವಾರ ಎದೆ ಡಾಕ್ಟ್ರ ಹತ್ರ ಹೋಗಿ ದಿನಾ ಸೇದೋ ಸ್ಟೀರಾಯ್ಡ್ ಇನ್ಹೇಲರ್ ಜೊತೆಗೆ ಶುರುವಾಯ್ತು. ಮೂರು ವಾರಕ್ಕೆ ಬಸಿ ವಾಪಸ್ ಬಂತು.

ಇದನ್ನ ಓದೋ ಹುಡುಗರಿಗೆ ಒಂದು ಮಾತು, ನಾನು ಕ್ಲಾಸಲ್ಲೂ ಹೇಳ್ತೀನಿ. ವೈವಾ ಭಯಕ್ಕೆ, ಸ್ಟೇಜ್ ಭಯಕ್ಕೆ ಅಂತ ಪ್ರೊಪ್ರನೊಲಾಲ್ ಫ್ರೆಂಡ್ ಹತ್ರ ಇಸ್ಕೊಂಡು ನುಂಗ್ಬೇಡಿ. ಚಿಕ್ಕವರಿದ್ದಾಗ ದಮ್ಮು ಇತ್ತು ಈಗಿಲ್ಲ ಅನ್ನೋರಂತೂ ಮುಟ್ಟಲೇಬೇಡಿ.

ಹೋದ ತಿಂಗಳು ಅಪ್ಪಾಜಿನ ಕಣ್ಣು ತೋರಿಸೋಕೆ ಕರ್ಕೊಂಡು ಹೋಗಿದ್ದೆ, ಒಳಗೆ ಅವರೊಬ್ರೇ ಹೋದ್ರು, ನಾನು ಬಿಲ್ ಕಟ್ತಿದ್ದೆ. ಕಣ್ಣಿನ ಒತ್ತಡ ಜಾಸ್ತಿ ಇದೆ ಅಂತ ಟಿಮೊಲಾಲ್ ಹನಿ ಬರೆಯೋಕೆ ಹೊರಟಿದ್ದಾರೆ ಡಾಕ್ಟ್ರು. ಟಿಮೊಲಾಲ್ ಅಂದ್ರೆ ಅದೂ ಎರಡೂ ಬೀಟಾ ಮುಚ್ಚೋ ಬ್ಲಾಕರ್ರೇ. ಕಣ್ಣಿಗೆ ಹಾಕಿದ ಹನಿ ಕಣ್ಣೀರಿನ ನಾಳದಿಂದ ಮೂಗಿಗೆ ಇಳಿದು ಅಲ್ಲಿಂದ ನೇರ ರಕ್ತಕ್ಕೆ ಸೇರುತ್ತೆ, ಲಿವರ್ ದಾಟೋ ಗೋಜೇ ಇಲ್ಲ, ದಮ್ಮಿನವರಿಗೆ ಒಂದೆರಡು ಹನಿನೂ ಆಗಲ್ಲ. ಅಪ್ಪಾಜಿ ಅಂಗಿ ಜೇಬಿಂದ ಆಧಾರ್ ಕಾರ್ಡ್ ಹಾಕೋ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗೆ ನಾನು ಬರೆದಿಟ್ಟ ಚೀಟಿ ತೆಗೆದು, ಟೇಬಲ್ ಮೇಲೆ ಇಟ್ಟಿದ್ದಾರೆ. ದಮ್ಮು ಇದೆ, ಬೀಟಾ ಬ್ಲಾಕರ್ ಯಾವ ರೂಪದಲ್ಲೂ ಬೇಡ, 2014ರಲ್ಲಿ ಪ್ರೊಪ್ರನೊಲಾಲ್‌ನಿಂದ ಆಸ್ಪತ್ರೆ ಸೇರಿದ್ದಾರೆ ಅಂತ ಅದರಲ್ಲಿದೆ. ಡಾಕ್ಟ್ರು ಓದಿ, ಒಳ್ಳೇದಾಯ್ತು ತೋರಿಸಿದ್ದು ಅಂತ ಹೇಳಿ ಬೀಟಾ ಬ್ಲಾಕರ್ ಅಲ್ಲದ ಹನಿ, ಲ್ಯಾಟನೊಪ್ರೋಸ್ಟ್ ಬರೆದ್ರಂತೆ.

ಹೊರಗೆ ಬಂದು ಅಪ್ಪಾಜಿ ಚೀಟಿನ ಮಡಿಕೆ ಕೆಡದ ಹಾಗೆ ಮತ್ತೆ ಕವರೊಳಗೆ ಸೇರಿಸ್ತಾ, "ಕಣ್ಣಿಗೆ ಹಾಕೋ ಹನಿನೂ ಎದೆಗೆ ಹೋಗ್ತೈತೇನವ್ವ" ಅಂತ ಕೇಳಿದ್ರು. ಹ್ಞೂಂ ಅಪ್ಪಾಜಿ ಅಂದೆ. ಆ ಹೊಸ ಹನಿ ಶೀಶೆ ಫ್ರಿಜ್ ಬಾಗಿಲಲ್ಲಿ ಇಂಗಿನ ಡಬ್ಬಿ ಪಕ್ಕ ಇದೆ, ರಾತ್ರಿ ಒಂಬತ್ತಕ್ಕೆ ಅಮ್ಮ ಹಾಕ್ತಾಳೆ, ಹಾಕಿದ ಮೇಲೆ ಕಣ್ಣಿನ ಮೂಲೆಯನ್ನ ಎರಡು ನಿಮಿಷ ಬೆರಳಲ್ಲಿ ಒತ್ತಿ ಹಿಡ್ಕೊಂಡು ಕೂತಿರ್ತಾರೆ ಅಪ್ಪಾಜಿ, ಬೆರಳು ಅಲ್ಲಾಡಲ್ಲ.